ಮಗು ಔಷಧ ನುಂಗಿದರೆ: ಲಕ್ಷಣಕ್ಕೆ ಕಾಯಬೇಡಿ, ಫೋನ್ ಮಾಡಿ

ಹೊಸ ದೇಶಕ್ಕೆ ಬಂದ ಮೊದಲ ವಾರಗಳಲ್ಲಿ ಮನೆಯ ತುಂಬ ಅರ್ಧ ಬಿಚ್ಚಿದ ಸೂಟ್‌ಕೇಸುಗಳು. ಸಾಮಾನು ಇನ್ನೂ ಕಪಾಟು ಸೇರಿರುವುದಿಲ್ಲ, ಔಷಧದ ಚೀಲ ನೆಲದ ಮೇಲೋ ಹಾಸಿಗೆಯ ಪಕ್ಕದಲ್ಲೋ ಬಿದ್ದಿರುತ್ತದೆ. ಹಗಲು ರಾತ್ರಿ ತಿರುಗಾಮುರುಗಾ ಆಗಿ ದೊಡ್ಡವರು ಕುಳಿತಲ್ಲೇ ತೂಕಡಿಸುತ್ತಿದ್ದರೆ, ಎರಡು ವರ್ಷದ ಮಗು ನಡುರಾತ್ರಿ ಮೂರು ಗಂಟೆಗೆ ಎದ್ದು ಸಿಕ್ಕಿದ್ದನ್ನೆಲ್ಲ ಬಾಯಿಗೆ ಹಾಕಿ ನೋಡುತ್ತಿರುತ್ತದೆ. ಈ ಮಾರ್ಗದರ್ಶಿಯಲ್ಲಿ ಬ್ಯಾಂಕ್ ಖಾತೆ, ಬಾಡಿಗೆ ಕರಾರು, ಶಾಲೆ ಸೇರ್ಪಡೆಗಳಿಗಿಂತ ಮೊದಲು ಈ ಪುಟ ಬರಬೇಕೆಂದು ನಾನು ಹಟ ಹಿಡಿದದ್ದು ಅದಕ್ಕೇ. ನಮ್ಮ ಮನೆಯಲ್ಲೇ ನಡೆದ ಒಂದು ಘಟನೆಯೂ ಅದಕ್ಕೆ ಕಾರಣ.

ಆಗ ನಮ್ಮ ಮಗಳಿಗೆ ಎರಡೂವರೆ ವರ್ಷ. ಅತ್ತೆಯವರು ನಮ್ಮೊಂದಿಗಿರಲು ಬಂದು ನಾಲ್ಕು ದಿನವಾಗಿತ್ತು. ವಾರದ ಏಳು ಖಾನೆಗಳ ಮಾತ್ರೆ ಡಬ್ಬಿ ಅವರ ಕೈಚೀಲದಲ್ಲಿತ್ತು, ಕೈಚೀಲ ಕುರ್ಚಿಯ ಮೇಲಿತ್ತು. ಮಗಳು ಆ ಡಬ್ಬಿಯನ್ನು ಗಿಲಕಿಯಂತೆ ಅಲ್ಲಾಡಿಸುತ್ತಾ ಬಂದಾಗ ಒಂದು ಖಾನೆಯ ಮುಚ್ಚಳ ತೆರೆದಿತ್ತು. ಅತ್ತೆಯವರು ಎಣಿಸಿ ನೋಡಿದರು: ಸಕ್ಕರೆ ಕಾಯಿಲೆಗೆ ತೆಗೆದುಕೊಳ್ಳುವ ಗ್ಲಿಮೆಪಿರೈಡ್ ಮಾತ್ರೆ ಒಂದು ಕಡಿಮೆ. ನೆಲದ ಮೇಲೆಲ್ಲ ಹುಡುಕಿದೆವು, ಸಿಗಲಿಲ್ಲ. ಮಗಳು ನಗುತ್ತಾ ಓಡಾಡುತ್ತಿದ್ದಳು. “ಒಂದೇ ಒಂದು ಮಾತ್ರೆ ತಾನೆ, ಸ್ವಲ್ಪ ಹೊತ್ತು ನೋಡೋಣ” ಎಂದೆ ನಾನು. ಹೆಂಡತಿ ನನ್ನ ಮಾತಿಗೆ ಕಾಯದೆ ವಿಷ ಮಾಹಿತಿ ಕೇಂದ್ರಕ್ಕೆ ಫೋನ್ ಮಾಡಿದಳು. ಮಾತ್ರೆಯ ಹೆಸರು ಕೇಳಿದೊಡನೆ ಆ ಕಡೆಯ ನರ್ಸ್, ಈಗಲೇ ಆಸ್ಪತ್ರೆಗೆ ಹೊರಡಿ ಎಂದರು. ಆಸ್ಪತ್ರೆಯಲ್ಲಿ ಗಂಟೆಗೊಮ್ಮೆ ಬೆರಳು ಚುಚ್ಚಿ ರಕ್ತದ ಸಕ್ಕರೆ ನೋಡುತ್ತಿದ್ದರು. ಏಳನೆಯ ಗಂಟೆಯವರೆಗೂ ಮಗಳು ಆಟವಾಡಿಕೊಂಡೇ ಇದ್ದಳು. ಆಮೇಲೆ ಸಕ್ಕರೆ ಇಳಿಯತೊಡಗಿತು. ಮನೆಯಲ್ಲಿದ್ದಿದ್ದರೆ ಅಷ್ಟು ಹೊತ್ತಿಗೆ ರಾತ್ರಿಯಾಗಿರುತ್ತಿತ್ತು. ಮಗು ಸುಮ್ಮನೆ ಮಲಗಿದೆ ಎಂದುಕೊಂಡು ನಾವೂ ದೀಪ ಆರಿಸಿ ಮಲಗಿಬಿಡುತ್ತಿದ್ದೆವು.

ಮೊದಲ ಎರಡು ನಿಮಿಷ

ಕಿರುಚಬೇಡಿ. ಬೆದರಿದ ಮಗು ಬಾಯಲ್ಲಿರುವುದನ್ನು ಗಬಕ್ಕನೆ ನುಂಗಿಬಿಡಬಹುದು, ಉಸಿರುನಾಳಕ್ಕೂ ಎಳೆದುಕೊಳ್ಳಬಹುದು. ಕೈಯಲ್ಲಿರುವ ಔಷಧವನ್ನು ತೆಗೆದುಕೊಂಡು ಬಾಯಿ ತೆರೆಸಿ, ಕಣ್ಣಿಗೆ ಕಾಣುವ ಚೂರುಗಳನ್ನು ಬೆರಳಿನಿಂದ ತೆಗೆಯಿರಿ. ಗಂಟಲಿನೊಳಗೆ ಬೆರಳು ಇಳಿಸಬೇಡಿ.

ಮಗು ಎಬ್ಬಿಸಿದರೂ ಏಳದಿದ್ದರೆ, ಉಸಿರಾಡಲು ಒದ್ದಾಡುತ್ತಿದ್ದರೆ, ತುಟಿ ನೀಲಿಗಟ್ಟಿದ್ದರೆ, ಫಿಟ್ಸ್ ಬಂದರೆ ಬೇರೇನನ್ನೂ ಯೋಚಿಸದೆ ತುರ್ತು ಸೇವೆಗೆ ಕರೆ ಮಾಡಿ: ಅಮೆರಿಕ ಮತ್ತು ಕೆನಡಾದಲ್ಲಿ 911, ಬ್ರಿಟನ್ನಿನಲ್ಲಿ 999, ಯುರೋಪಿನ ಒಕ್ಕೂಟದ ದೇಶಗಳಲ್ಲಿ 112, ಆಸ್ಟ್ರೇಲಿಯಾದಲ್ಲಿ 000, ನ್ಯೂಜಿಲೆಂಡಿನಲ್ಲಿ 111. ಉಸಿರಾಟವಿದ್ದು ಪ್ರಜ್ಞೆ ಇಲ್ಲದಿದ್ದರೆ ಮಗುವನ್ನು ಒಂದು ಮಗ್ಗುಲಿಗೆ ಮಲಗಿಸಿ, ವಾಂತಿಯಾದರೂ ಅದು ಹೊರಗೆ ಹರಿದುಹೋಗುತ್ತದೆ. ಉಸಿರೇ ಇಲ್ಲದಿದ್ದರೆ ಫೋನನ್ನು ಸ್ಪೀಕರಿನಲ್ಲಿಟ್ಟು, ಆ ಕಡೆಯವರು ಹೇಳಿದಂತೆ ಎದೆ ಒತ್ತುವುದನ್ನು ಮತ್ತು ಬಾಯಿಂದ ಉಸಿರು ಕೊಡುವುದನ್ನು ಶುರುಮಾಡಿ.

ಮಗು ಚೆನ್ನಾಗಿಯೇ ಕಾಣುತ್ತಿದೆಯೇ? ಆಗಲೂ ಫೋನ್ ಮಾಡಬೇಕು, ವಿಷ ಮಾಹಿತಿ ಕೇಂದ್ರಕ್ಕೆ. ಅಮೆರಿಕದಲ್ಲಿ 1-800-222-1222, ಕೆನಡಾದಲ್ಲಿ 1-844-764-7669 (ಕ್ವಿಬೆಕ್ ಪ್ರಾಂತ್ಯದಲ್ಲಿ 1-800-463-5060), ಆಸ್ಟ್ರೇಲಿಯಾದಲ್ಲಿ 13 11 26, ನ್ಯೂಜಿಲೆಂಡಿನಲ್ಲಿ 0800 764 766. ಬ್ರಿಟನ್ನಿನಲ್ಲಿ ಇಂಥ ಸಲಹೆಗೆ ಕರೆ ಮಾಡಬೇಕಾದದ್ದು 111. ಅದೇ ಸಂಖ್ಯೆ ನ್ಯೂಜಿಲೆಂಡಿನಲ್ಲಿ ಆಂಬ್ಯುಲೆನ್ಸ್ ಕರೆಯುವ ತುರ್ತು ಸಂಖ್ಯೆ ಎಂಬುದನ್ನು ಒಂದು ದೇಶದಿಂದ ಇನ್ನೊಂದಕ್ಕೆ ಬಂದವರು ಗಮನಿಸಿ. ಬೇರೆ ದೇಶದಲ್ಲಿದ್ದರೆ ಅಲ್ಲಿನ ಸಂಖ್ಯೆಯನ್ನು ಇವತ್ತೇ ಹುಡುಕಿ ಬರೆದಿಟ್ಟುಕೊಳ್ಳಿ. ಎಷ್ಟೋ ಸಲ ಅವರು “ಇಷ್ಟು ಪ್ರಮಾಣದಿಂದ ತೊಂದರೆಯಿಲ್ಲ, ಮನೆಯಲ್ಲೇ ಇರಿ, ಇಂಥಿಂಥದ್ದನ್ನು ಗಮನಿಸಿ” ಎಂದೇ ಹೇಳುತ್ತಾರೆ. ಆದರೆ ಆ ಮಾತು ಔಷಧಗಳನ್ನು ಅರಿತವರ ಬಾಯಿಂದ ಬರಬೇಕು, ನಮ್ಮ ಊಹೆಯಿಂದಲ್ಲ.

ವಾಂತಿ ಮಾಡಿಸಬೇಡಿ

ಹಿರಿಯರು ಮನೆಯಲ್ಲಿದ್ದರೆ ಮೊದಲು ಬರುವ ಸಲಹೆ ವಾಂತಿ ಮಾಡಿಸಿ ಎಂಬುದೇ. ಅವರದು ತಪ್ಪೆನ್ನಲಾಗದು, ಇಪಿಕಾಕ್ ಎಂಬ ವಾಂತಿ ಬರಿಸುವ ಸಿರಪ್ಪನ್ನು ಮನೆಯಲ್ಲಿ ಇಟ್ಟುಕೊಂಡಿರಿ ಎಂದು ಒಂದು ಕಾಲಕ್ಕೆ ವೈದ್ಯರೇ ಹೇಳುತ್ತಿದ್ದರು. 2003ರಲ್ಲಿ ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ ಆ ಸಲಹೆಯನ್ನು ಕೈಬಿಟ್ಟಿತು. ಮಂಪರಿನಲ್ಲಿರುವ ಮಗು ವಾಂತಿ ಮಾಡಿದರೆ ಅದು ಶ್ವಾಸಕೋಶಕ್ಕೆ ಇಳಿಯಬಹುದು. ಉಪ್ಪುನೀರು ಕುಡಿಸುವುದಂತೂ ಇನ್ನೊಂದು ವಿಷಪ್ರಾಶನವೇ ಸರಿ: ರಕ್ತದಲ್ಲಿ ಸೋಡಿಯಂ ಏರಿದರೆ ಮೊದಲು ಪೆಟ್ಟು ಬೀಳುವುದು ಮಿದುಳಿಗೆ. ವಿಷ ಹೀರಲೆಂದು ಇದ್ದಿಲ ಪುಡಿಯನ್ನು ಮನೆಯಲ್ಲಿ ಕೊಡಬೇಡಿ. ಆಸ್ಪತ್ರೆಯಲ್ಲಿ ಬಳಸುವ ಸಕ್ರಿಯ ಇದ್ದಿಲಿನ ಉಪಯೋಗವೂ ಬಹುಮಟ್ಟಿಗೆ ಔಷಧ ನುಂಗಿದ ಮೊದಲ ಒಂದು ಗಂಟೆಯೊಳಗೆ. ಮಗು ತಾನಾಗಿ ವಾಂತಿ ಮಾಡಿದರೆ ಎಷ್ಟು ಹೊತ್ತಿಗೆ ಮಾಡಿತು, ಅದರಲ್ಲಿ ಮಾತ್ರೆ ಕಂಡಿತೇ ಎಂಬುದನ್ನು ನೋಡಿಟ್ಟುಕೊಳ್ಳಿ.

ಫೋನಿನಲ್ಲಿ ಏನು ಕೇಳುತ್ತಾರೆ

ಮಗುವಿನ ವಯಸ್ಸು, ತೂಕ, ಔಷಧದ ಹೆಸರು, ಒಂದು ಮಾತ್ರೆಯಲ್ಲಿ ಎಷ್ಟು ಮಿಲಿಗ್ರಾಂ, ಎಷ್ಟು ಹೊತ್ತಿಗೆ ನುಂಗಿತು, ಎಷ್ಟು ನುಂಗಿರಬಹುದು. ಕೊನೆಯ ಪ್ರಶ್ನೆಗೆ ಉತ್ತರ ಖಚಿತವಾಗಿ ಗೊತ್ತಿಲ್ಲದಿದ್ದರೆ, ಕಾಣೆಯಾಗಿರುವಷ್ಟನ್ನೂ ಮಗುವೇ ನುಂಗಿದೆ ಎಂದು ಲೆಕ್ಕ ಹಿಡಿಯಿರಿ. ಇಬ್ಬರು ಮಕ್ಕಳು ಜೊತೆಗಿದ್ದರೆ ಇಬ್ಬರೂ ಅಷ್ಟಷ್ಟು ನುಂಗಿರಬಹುದೆಂದು ಹೇಳಿ. ಹಂಚಿಕೊಂಡು ತಿಂದಿರಬಹುದೆಂದು ಅರ್ಧ ಮಾಡಬೇಡಿ.

ನಮ್ಮಂಥ ಹೊಸಬರಿಗೆ ನಿಜವಾದ ತೊಡಕು ಹೆಸರಿನದು. ಊರಿನಿಂದ ತಂದ ಮಾತ್ರೆಯ ಬ್ರ್ಯಾಂಡ್ ಹೆಸರು ಇಲ್ಲಿನ ನರ್ಸಿಗೆ ಗೊತ್ತಿರಬೇಕೆಂದಿಲ್ಲ. ಮಾತ್ರೆ ಪಟ್ಟಿಯ ಹಿಂದೆ ಸಣ್ಣಕ್ಷರದಲ್ಲಿರುವ ಮೂಲ ಔಷಧದ ಹೆಸರನ್ನು ಓದಬೇಕು, ಬರದಿದ್ದರೆ ಅಕ್ಷರ ಅಕ್ಷರವಾಗಿ ಹೇಳಬೇಕು. ಆ ಹೆಸರೂ ಕೆಲವೊಮ್ಮೆ ಬದಲಾಗುತ್ತದೆ: ನಾವು ಪ್ಯಾರಸಿಟಮಾಲ್ ಎನ್ನುವುದು ಅಮೆರಿಕ, ಕೆನಡಾಗಳಲ್ಲಿ ಅಸಿಟಮಿನೋಫೆನ್, ಉಬ್ಬಸಕ್ಕೆ ಕೊಡುವ ಸಾಲ್ಬ್ಯುಟಮಾಲ್ ಅಮೆರಿಕದಲ್ಲಿ ಆಲ್ಬ್ಯುಟೆರಾಲ್. ಜಾಗ ಉಳಿಸಲೆಂದು ಮಾತ್ರೆ ಪಟ್ಟಿಯನ್ನು ಕತ್ತರಿಸಿ ತಂದಿರುತ್ತೇವೆ, ಹೆಸರಿದ್ದ ತುಂಡು ಊರಲ್ಲೇ ಉಳಿದಿರುತ್ತದೆ. ದಯವಿಟ್ಟು ಹಾಗೆ ಮಾಡಬೇಡಿ. ಈಗಾಗಲೇ ಮಾಡಿದ್ದರೆ ವೈದ್ಯರ ಚೀಟಿಯ ಫೋಟೋ ತರಿಸಿಟ್ಟುಕೊಳ್ಳಿ. ಇಂಗ್ಲಿಷಿನಲ್ಲಿ ತಡವರಿಸುವವರು ದುಭಾಷಿ ಬೇಕೆಂದು ಕೇಳಿ, ಭಾಷೆ ಕನ್ನಡ ಎಂದು ಹೇಳಿ. ಆಸ್ಪತ್ರೆಗೆ ಹೋಗುವಾಗ ಡಬ್ಬಿ, ಪಟ್ಟಿ, ಉಳಿದ ಮಾತ್ರೆಗಳೆಲ್ಲ ಜೊತೆಗೆ ಬರಲಿ.

ಒಂದೇ ಮಾತ್ರೆಯೂ ಸಾಕಾಗುವ ಔಷಧಗಳು

ದೊಡ್ಡವರಿಗೆ ದಿನನಿತ್ಯದ ಮಾತ್ರೆಯಾಗಿರುವುದು ಹತ್ತು ಹನ್ನೆರಡು ಕಿಲೋ ತೂಕದ ಮಗುವಿಗೆ ಪ್ರಾಣಾಪಾಯ ತರಬಹುದು. ಸಕ್ಕರೆ ಕಾಯಿಲೆಯ ಗ್ಲಿಮೆಪಿರೈಡ್, ಗ್ಲಿಬೆನ್‌ಕ್ಲಮೈಡ್, ಗ್ಲಿಕ್ಲಝೈಡ್, ರಕ್ತದೊತ್ತಡ ಮತ್ತು ಹೃದಯದ ಅಮ್ಲೋಡಿಪಿನ್, ವೆರಪಮಿಲ್, ಪ್ರೊಪ್ರನಲಾಲ್, ಕ್ಲೋನಿಡಿನ್; ಟ್ರಮಡಾಲ್, ಕೊಡಿನ್‌ನಂಥ ನೋವಿನ ಮಾತ್ರೆಗಳು; ಖಿನ್ನತೆಗೆ ಕೊಡುವ ಅಮಿಟ್ರಿಪ್ಟಿಲಿನ್. ಇವುಗಳಲ್ಲಿ ಯಾವುದೇ ಒಂದನ್ನು ಮಗು ನುಂಗಿದೆಯೆಂಬ ಅನುಮಾನ ಬಂದರೂ ಕಾದು ನೋಡುವ ಮಾತೇ ಇಲ್ಲ.

ಔಷಧವೆಂದೇ ನಮಗೆ ಅನ್ನಿಸದ ಕೆಲವಿವೆ. ಕರ್ಪೂರವನ್ನಾಗಲಿ ಕರ್ಪೂರವಿರುವ ಮುಲಾಮನ್ನಾಗಲಿ ಮಗು ತಿಂದರೆ ಕೆಲವೇ ನಿಮಿಷಗಳಲ್ಲಿ ಫಿಟ್ಸ್ ಬರಬಹುದು. ನೀಲಗಿರಿ ಎಣ್ಣೆ, ಕೀಲುನೋವಿಗೆ ಹಚ್ಚುವ ವಿಂಟರ್‌ಗ್ರೀನ್ ಎಣ್ಣೆ ಕೆಲವು ಮಿಲಿಲೀಟರಿನಷ್ಟಾದರೂ ಅಪಾಯಕಾರಿ. ಬಸುರಿ ಬಾಣಂತಿಯರು ತೆಗೆದುಕೊಳ್ಳುವ ಕಬ್ಬಿಣಾಂಶದ ಮಾತ್ರೆ ಮೊದಲು ವಾಂತಿ ತರಿಸಿ, ಆಮೇಲೆ ಎಲ್ಲ ಸರಿಹೋಯಿತೇನೋ ಎನ್ನಿಸಿ, ಬಳಿಕ ಮಗುವನ್ನು ಮತ್ತೆ ನೆಲಕಚ್ಚಿಸುತ್ತದೆ.

ಪ್ಯಾರಸಿಟಮಾಲ್ ವಿಚಾರದಲ್ಲಿ ನಾವು ಅತ್ಯಂತ ನಿರಾಳವಾಗಿರುತ್ತೇವೆ, ಹಾಗಿರಬಾರದು. ಮಿತಿ ಮೀರಿ ನುಂಗಿದ ಮಗು ಮೊದಲ ದಿನ ಆಡಿಕೊಂಡು ಉಂಡುಕೊಂಡು ಇರಬಹುದು. ಯಕೃತ್ತಿನ ಹಾನಿ ಮೆಲ್ಲಗೆ ನಡೆಯುತ್ತದೆ. ಸಾಮಾನ್ಯವಾಗಿ ನುಂಗಿದ ನಾಲ್ಕು ಗಂಟೆಗಳ ನಂತರ ರಕ್ತದಲ್ಲಿ ಅದರ ಮಟ್ಟ ನೋಡುತ್ತಾರೆ. ಅಸಿಟೈಲ್‌ಸಿಸ್ಟೀನ್ ಎಂಬ ಪ್ರತ್ಯೌಷಧವಿದೆ, ಎಂಟು ಗಂಟೆಯೊಳಗೆ ಕೊಟ್ಟರೆ ಅದು ಬಹಳ ಚೆನ್ನಾಗಿ ಕೆಲಸ ಮಾಡುತ್ತದೆ. ಚಿಕಿತ್ಸೆ ಇದ್ದೂ ಹೊತ್ತು ಮೀರಿತೆಂಬ ಸಂಕಟ ಯಾವ ತಾಯಿತಂದೆಗೂ ಬರಬಾರದು.

ಹೆದರಿಕೆಯ ಬಗ್ಗೆ

ಫೋನ್ ಮಾಡಿದರೆ ನಮ್ಮನ್ನು ಅಜಾಗರೂಕರೆಂದು ಬರೆದುಕೊಳ್ಳುತ್ತಾರೆಯೇ, ಪೊಲೀಸರು ಬರುತ್ತಾರೆಯೇ, ವೀಸಾಕ್ಕೆ ತೊಂದರೆಯೇ ಎಂದು ಹೊಸ ಕುಟುಂಬಗಳವರು ನನ್ನನ್ನು ತಗ್ಗಿದ ದನಿಯಲ್ಲಿ ಕೇಳಿದ್ದಾರೆ. ಆ ದನಿ ನನಗೆ ಅರ್ಥವಾಗುತ್ತದೆ. ವಿಷ ಮಾಹಿತಿ ಕೇಂದ್ರಗಳಿರುವುದೇ ಇಂಥ ಕರೆಗಳಿಗಾಗಿ. ಅಮೆರಿಕದ ಸಹಾಯವಾಣಿ ದಿನದ 24 ಗಂಟೆಯೂ ಉಚಿತ, ನೀವು ಹೇಳಿದ್ದು ಗುಟ್ಟಾಗಿಯೇ ಉಳಿಯುತ್ತದೆ. ಎಲ್ಲ ಮನೆಗಳಲ್ಲೂ, ಎಚ್ಚರದ ತಾಯಂದಿರ ಮನೆಗಳಲ್ಲೂ, ಹೀಗಾಗುತ್ತದೆಂದು ಅಲ್ಲಿ ಕುಳಿತವರಿಗೆ ಗೊತ್ತು. ಮುಜುಗರಕ್ಕೆ ಹೊತ್ತನ್ನೋ ಮಾತ್ರೆಗಳ ಸಂಖ್ಯೆಯನ್ನೋ ಬದಲಿಸಿ ಹೇಳಬೇಡಿ. ಚಿಕಿತ್ಸೆಯ ಲೆಕ್ಕವೆಲ್ಲ ಅದರ ಮೇಲೆ ನಿಂತಿದೆ. ಮನೆಯಲ್ಲೂ “ಯಾರು ಅಲ್ಲಿಟ್ಟದ್ದು?” ಎಂಬ ವಿಚಾರಣೆ ಆಗ ಬೇಡ. ನಮ್ಮ ಅತ್ತೆಯವರು ಆ ರಾತ್ರಿ ಒಬ್ಬರೇ ಮನೆಯಲ್ಲಿ ಅಳುತ್ತಾ ಕುಳಿತಿದ್ದರೆಂದು ನನಗೆ ತಿಳಿದದ್ದು ಬಹಳ ದಿನಗಳ ಮೇಲೆ.

ಇಡುವ ಜಾಗ

ಬೀಗವಿರುವ ಎತ್ತರದ ಕಪಾಟು. ಬಾಡಿಗೆ ಮನೆಯಲ್ಲಿ ಮೊಳೆ ಹೊಡೆಯುವಂತಿಲ್ಲದಿದ್ದರೆ ಬೀಗದ ಸಣ್ಣ ಪೆಟ್ಟಿಗೆ. ಬಂದ ನೆಂಟರ ಕೈಚೀಲಕ್ಕೂ ಎತ್ತರದಲ್ಲೊಂದು ಕೊಕ್ಕೆ ಇರಲಿ. ಮಕ್ಕಳಿಗೆ ತೆರೆಯಲಾಗದೆಂಬ ಮುಚ್ಚಳವನ್ನು ಪೂರ್ತಿ ನಂಬಬೇಡಿ. ಅಮೆರಿಕದ ನಿಯಮದಂತೆ ನಡೆಯುವ ಪರೀಕ್ಷೆಯಲ್ಲಿ ಮೂರೂವರೆಯಿಂದ ನಾಲ್ಕೂಕಾಲು ವರ್ಷದ ಮಕ್ಕಳ ಕೈಗೆ ಡಬ್ಬಿ ಕೊಡುತ್ತಾರೆ. ಹತ್ತು ನಿಮಿಷದಲ್ಲಿ ನೂರಕ್ಕೆ 80 ಮಕ್ಕಳಿಗೆ ತೆರೆಯಲಾಗದಿದ್ದರೆ ಮುಚ್ಚಳ ತೇರ್ಗಡೆ. ಉಳಿದ ಇಪ್ಪತ್ತರಲ್ಲಿ ನಿಮ್ಮ ಮಗುವೂ ಇರಬಹುದು. ಮಾತ್ರೆಯನ್ನು ಮಿಠಾಯಿ ಎಂದು ಹೇಳಿ ನುಂಗಿಸಬೇಡಿ. ಜ್ವರದ ಸಿರಪ್ ಕೊಟ್ಟ ಹೊತ್ತನ್ನು ಫ್ರಿಜ್ಜಿನ ಮೇಲೆ ಬರೆಯಿರಿ. ಅಮ್ಮ ಕೊಟ್ಟದ್ದು ತಿಳಿಯದೆ ಅಪ್ಪ ಮತ್ತೊಮ್ಮೆ ಕೊಡುವುದು ಆಗಾಗ ನಡೆಯುತ್ತದೆ.

ಹಗಲಿನಲ್ಲಿ ಮಗುವಿನ ಜೊತೆ ಅಜ್ಜ ಅಜ್ಜಿಯರೇ ಇದ್ದರೆ ಸಂಖ್ಯೆ ನಿಮ್ಮ ಮೊಬೈಲಿನಲ್ಲಿದ್ದು ಪ್ರಯೋಜನವಿಲ್ಲ. ನಮ್ಮ ಅತ್ತೆಯವರ ಫೋನಿನಲ್ಲಿ ಅದು “ಮಗು ಔಷಧ” ಎಂಬ ಹೆಸರಿನಲ್ಲಿ, ಕನ್ನಡದಲ್ಲೇ, ಪಟ್ಟಿಯ ಮೊದಲಿಗಿದೆ. ಫೋನಿನ ಹಿಂಬದಿಗೆ ಅಂಟಿಸಿದ ಚೀಟಿಯಲ್ಲಿ ಮೊಮ್ಮಗಳ ತೂಕವನ್ನು ಅವರೇ ಮೂರು ತಿಂಗಳಿಗೊಮ್ಮೆ ತಿದ್ದಿ ಬರೆಯುತ್ತಾರೆ.