ಐಸಿ ಬದಲಿಸುವ ಮೊದಲು: ಆಂಪ್ಲಿಫೈಯರ್ ಬೋರ್ಡಿನ ದೋಷ ಹುಡುಕಿದ ನನ್ನ ಅನುಭವ

ಕಾಸರಗೋಡಿನ ಬದಿಯಡ್ಕದ ಸಮೀಪದ ನಮ್ಮೂರಿನ ತಾಳಮದ್ದಳೆಯ ಅಭ್ಯಾಸಕ್ಕೆಂದು ನಾನು ಜೋಡಿಸಿದ ಸಣ್ಣ ಆಂಪ್ಲಿಫೈಯರಿನಲ್ಲಿ, ಭಾಗವತರು ಮೆಲುದನಿಯಲ್ಲಿ ಪದ ಹೇಳುವಾಗ ಸ್ವರ ಸ್ವಚ್ಛವಾಗಿಯೇ ಕೇಳುತ್ತಿತ್ತು. ಗಟ್ಟಿದನಿಯ ಏರುಪದ ಎತ್ತಿಕೊಂಡೊಡನೆ ಮಾತ್ರ ಒಡೆದು ಗೊರಗೊರ ಎನ್ನುತ್ತಿತ್ತು. ಅದರಲ್ಲಿ ಸ್ವರವನ್ನು ಗಟ್ಟಿಗೊಳಿಸುವ ಚಿಪ್ ಟಿಡಿಎ 2030 ಎಂಬ ಐದು ಪಿನ್‌ಗಳ ಐಸಿ. ಆ ಭಾಗವನ್ನು ಬೆಸುಗೆ ಹಾಕಿ ಸಿದ್ಧವಾಗಿದ್ದ ಬೋರ್ಡ್ ರೂಪದಲ್ಲಿಯೇ ತರಿಸಿದ್ದೆ. ಮೈಕ್‌ನ ಪ್ರಿಆಂಪ್ (ಮೈಕಿನ ಕ್ಷೀಣ ಸಂಕೇತವನ್ನು ಮೊದಲು ಹಿಗ್ಗಿಸುವ ಭಾಗ), 18 ವೋಲ್ಟ್ ಟ್ರಾನ್ಸ್‌ಫಾರ್ಮರಿನ ವಿದ್ಯುತ್ ಪೂರೈಕೆ ಮತ್ತು ಪೆಟ್ಟಿಗೆ ನನ್ನ ಕೆಲಸ. ಸ್ವರ ಒಡೆಯುವುದನ್ನು ಕೇಳಿದವರೆಲ್ಲ ‘ಐಸಿ ಹೋಗಿರಬೇಕು’ ಎಂದರು. ನನಗೆ ಹಾಗೆ ಅನ್ನಿಸಲಿಲ್ಲ. ಈ ಐಸಿಯೊಳಗೆ ಷಾರ್ಟ್ ಸರ್ಕ್ಯೂಟ್ ಮತ್ತು ಅತಿಬಿಸಿಯಿಂದ ಕಾಪಾಡಿಕೊಳ್ಳುವ ವ್ಯವಸ್ಥೆ ಇದೆ; ಹೋಗುವಾಗ ಅದು ಸಾಮಾನ್ಯವಾಗಿ ಪೂರ್ತಿಯಾಗಿಯೇ ಹೋಗುತ್ತದೆ, ಮೆಲುದನಿಯನ್ನು ಉಳಿಸಿ ಗಟ್ಟಿದನಿಯನ್ನಷ್ಟೇ ಕೆಡಿಸುವುದು ಅಪರೂಪ.

ಮೊದಲು ಮಾಡಿದ್ದು ದೋಷ ಯಾವ ಭಾಗದಲ್ಲಿದೆ ಎಂದು ಬೇರ್ಪಡಿಸುವ ಕೆಲಸ. ಪ್ರಿಆಂಪನ್ನು ಕಳಚಿ ಫೋನಿನ ಸಂಗೀತವನ್ನು ನೇರವಾಗಿ ಬೋರ್ಡಿಗೆ ಕೊಟ್ಟಾಗಲೂ, ಸ್ಪೀಕರ್ ಬದಲಿಸಿದಾಗಲೂ ಗಟ್ಟಿಯಾದಲ್ಲಿ ಸ್ವರ ಒಡೆಯಿತು. ಅಲ್ಲಿಗೆ ಮೈಕ್, ಪ್ರಿಆಂಪ್, ಸ್ಪೀಕರ್ ಮೂರೂ ಸಂಶಯದಿಂದ ಹೊರಬಂದವು. ಬಳಿಕ ಟ್ರಾನ್ಸ್‌ಫಾರ್ಮರಿನ ಪ್ರೈಮರಿಗೆ (ಮೈನ್ಸ್ ಸೇರುವ ಸುತ್ತಿಗೆ) 40 ವಾಟಿನ ಹಳೆಯ ಫಿಲಮೆಂಟ್ ಬಲ್ಬನ್ನು ಸೀರೀಸಿನಲ್ಲಿ ಸೇರಿಸಿ ವಿದ್ಯುತ್ ಕೊಟ್ಟೆ. ಬಲ್ಬು ಒಂದು ಕ್ಷಣ ಹೊಳೆದು ಮಂಕಾಯಿತು; ಷಾರ್ಟ್ ಇದ್ದಿದ್ದರೆ ಹೊಳೆಯುತ್ತಲೇ ಇರುತ್ತಿತ್ತು. ಹೆಚ್ಚು ಕರೆಂಟ್ ಎಳೆಯುವ ಷಾರ್ಟ್ ಎಲ್ಲಿಯೂ ಇಲ್ಲವೆಂದು ಖಚಿತವಾದ ಮೇಲೆ ಅದನ್ನು ತೆಗೆದೆ. ಸೀರೀಸ್ ಬಲ್ಬ್ ಇಲ್ಲದೆ ದೋಷವಿರುವ ಯಾವ ಬೋರ್ಡಿಗೂ ನೇರವಾಗಿ ಮೈನ್ಸ್ ಕೊಡಬಾರದೆಂಬುದು ನನ್ನ ದೃಢವಾದ ಅಭಿಪ್ರಾಯ.

ಇನ್ನು ಅಳತೆಯ ಕೆಲಸ. ಇನ್‌ಪುಟ್‌ಗೆ ಏನನ್ನೂ ಕೊಡದೆ, ಪೂರ್ಣ ನಿಶ್ಶಬ್ದದಲ್ಲಿ ಡಿಸಿ ವೋಲ್ಟೇಜುಗಳನ್ನು ಅಳೆಯುವುದು ಧ್ವನಿಯ ಬೋರ್ಡುಗಳಲ್ಲಿ ಎಲ್ಲಕ್ಕಿಂತ ಹೆಚ್ಚು ತಿಳಿವಳಿಕೆ ಕೊಡುವ ಪರೀಕ್ಷೆ. ಒಂದೇ ಪೂರೈಕೆಯಲ್ಲಿ ನಡೆಯುವ ಆಂಪ್ಲಿಫೈಯರಿನಲ್ಲಿ ಔಟ್‌ಪುಟ್ ಪಿನ್ ಪೂರೈಕೆಯ ಸರಿ ಅರ್ಧದಲ್ಲಿ ನಿಂತಿರಬೇಕು, ಏಕೆಂದರೆ ಸ್ವರದ ಅಲೆ ಅಲ್ಲಿಂದ ಮೇಲಕ್ಕೂ ಕೆಳಕ್ಕೂ ಸಮನಾಗಿ ಏರಿಳಿಯಬೇಕಾಗುತ್ತದೆ. ಐದನೆಯ ಪಿನ್ನಿನಲ್ಲಿ ಪೂರೈಕೆ 24 ವೋಲ್ಟ್ ಸರಿಯಾಗಿಯೇ ಇತ್ತು. ಆದರೆ ಔಟ್‌ಪುಟ್ ಆಗಿರುವ ನಾಲ್ಕನೆಯ ಪಿನ್ನಿನಲ್ಲಿ 12 ಇರಬೇಕಾದಲ್ಲಿ ಸುಮಾರು 6 ವೋಲ್ಟ್ ಮಾತ್ರ ಇತ್ತು. ಈ ಐಸಿಯ ಔಟ್‌ಪುಟ್ ಪೂರೈಕೆಯ ಎರಡೂ ಅಂಚುಗಳಿಂದ (0 ಮತ್ತು 24 ವೋಲ್ಟ್) ಎರಡು ವೋಲ್ಟಿನಷ್ಟು ದೂರದಲ್ಲೇ ನಿಲ್ಲುತ್ತದೆಂದು ಇಟ್ಟುಕೊಂಡರೆ, ಅಲೆಗೆ ಎರಡೂ ಕಡೆ 10 ವೋಲ್ಟ್ ದೊರೆಯಬೇಕಾದಲ್ಲಿ ಕೆಳಬದಿಗೆ 4 ವೋಲ್ಟ್ ಮಾತ್ರ ಉಳಿಯಿತು. ಎಂಟು ಓಮಿನ ಸ್ಪೀಕರಿಗೆ ಲೆಕ್ಕ ಹಾಕಿದರೆ ಒಡೆಯದೆ ಬರುವ ಶಕ್ತಿ ಸುಮಾರು 6 ವಾಟಿನಿಂದ 1 ವಾಟಿಗೆ ಇಳಿಯುತ್ತದೆ. ಮೆಲುದನಿ ಆ 1 ವಾಟಿನೊಳಗೆ ಹಿಡಿಯುತ್ತದೆ, ಏರುಪದ ಹಿಡಿಯುವುದಿಲ್ಲ.

ಮುಂದಿನ ಅಳತೆಯೇ ನಿರ್ಣಾಯಕವಾಯಿತು. ಇನ್‌ಪುಟ್ ಆಗಿರುವ ಒಂದನೆಯ ಪಿನ್ನಿನಲ್ಲೂ, ಫೀಡ್‌ಬ್ಯಾಕ್ (ಔಟ್‌ಪುಟ್ಟಿನಿಂದ ಹಿಂದಿರುಗುವ ಸಂಕೇತ) ಬರುವ ಎರಡನೆಯ ಪಿನ್ನಿನಲ್ಲೂ ಹೆಚ್ಚುಕಡಿಮೆ ಅದೇ 6 ವೋಲ್ಟ್ ಇತ್ತು. ಒಂದನೆಯ ಪಿನ್ನಿನಲ್ಲಿ 12 ಇದ್ದು ಔಟ್‌ಪುಟ್ 6 ಆಗಿದ್ದರೆ ಐಸಿಯನ್ನು ಸಂಶಯಿಸಬಹುದಿತ್ತು. ಮೂರೂ ಸಮನಾಗಿರುವಾಗ ಐಸಿ ತನಗೆ ಕೊಟ್ಟ ವೋಲ್ಟೇಜನ್ನು ನಿಷ್ಠೆಯಿಂದ ಅನುಸರಿಸುತ್ತಿದೆ ಎಂದರ್ಥ. ತಪ್ಪು ವೋಲ್ಟೇಜನ್ನು ಕೊಡುತ್ತಿರುವವರು ಬೇರೆ. ಅಳೆಯುವ ಮೀಟರಿನ ವಿಷಯವನ್ನೂ ಇಲ್ಲಿ ಹೇಳಬೇಕು. ನಾನು ಬಳಸಿದ್ದು 10 ಮೆಗಾಓಮಿನ ಡಿಜಿಟಲ್ ಮೀಟರ್. ಮುಳ್ಳಿನ ಹಳೆಯ ಮೀಟರನ್ನು ಇಂತಹ ಹೆಚ್ಚು ರೆಸಿಸ್ಟೆನ್ಸಿನ ಬಿಂದುವಿಗೆ ಇಟ್ಟರೆ ಮೀಟರೇ ಕರೆಂಟ್ ಎಳೆದು ವೋಲ್ಟೇಜನ್ನು ಇಳಿಸುತ್ತದೆ.

ಒಂದನೆಯ ಪಿನ್ನಿಗೆ ಅರ್ಧ ವೋಲ್ಟೇಜ್ ಕೊಡುವುದು ಪೂರೈಕೆ ಮತ್ತು ಗ್ರೌಂಡಿನ ನಡುವೆ ಇರುವ ಎರಡು 100 ಕಿಲೋಓಮ್ ರೆಸಿಸ್ಟರ್‌ಗಳು. ಅವುಗಳ ನಡುಬಿಂದುವನ್ನು 22 ಮೈಕ್ರೋಫ್ಯಾರಡ್ ಎಲೆಕ್ಟ್ರೋಲಿಟಿಕ್ ಕೆಪಾಸಿಟರೊಂದು ಗ್ರೌಂಡಿಗೆ ಹಿಡಿದಿರುತ್ತದೆ. ವಿದ್ಯುತ್ ತೆಗೆದು ರೆಸಿಸ್ಟರ್‌ಗಳನ್ನು ಒಂದು ಕಾಲು ಬಿಡಿಸಿ ಅಳೆದೆ, ಸರಿಯಾಗಿದ್ದವು. ಕೆಪಾಸಿಟರಿನ ಒಂದು ಕಾಲು ಬಿಡಿಸಿ ಮತ್ತೆ ವಿದ್ಯುತ್ ಕೊಟ್ಟಾಗ ನಡುಬಿಂದು 11 ವೋಲ್ಟಿಗೆ ಏರಿತು. ಜತೆಗೇ ಸ್ಪೀಕರಿನಲ್ಲಿ 100 ಹರ್ಟ್ಸಿನ ಹಮ್ (ಗುಂಯ್‌ಗುಡುವ ಸದ್ದು) ಜೋರಾಯಿತು, ಏಕೆಂದರೆ ಪೂರೈಕೆಯ ಏರಿಳಿತ ಇನ್‌ಪುಟ್ಟಿಗೆ ಹೋಗದಂತೆ ತಡೆಯುವುದೇ ಆ ಕೆಪಾಸಿಟರಿನ ಕೆಲಸ.

ಕಳಚಿದ ಕೆಪಾಸಿಟರನ್ನು ಕೆಪಾಸಿಟೆನ್ಸ್ ಮೀಟರಿಗೆ ಇಟ್ಟರೆ ಮೌಲ್ಯ ಸರಿಯಾಗಿಯೇ ತೋರಿತು. ಅನೇಕರು ಇಲ್ಲಿಯೇ ಅದನ್ನು ನಿರ್ದೋಷಿ ಎಂದು ಮರಳಿ ಹಾಕುತ್ತಾರೆ. ಸೋರಿಕೆಯನ್ನು ನೋಡಬೇಕಾದರೆ 100 ಕಿಲೋಓಮ್ ರೆಸಿಸ್ಟರಿನ ಮೂಲಕ ಅದಕ್ಕೆ 12 ವೋಲ್ಟ್ ಕೊಟ್ಟು, ಸ್ವಲ್ಪ ಹೊತ್ತು ಕಾದು, ರೆಸಿಸ್ಟರಿನ ಎರಡು ತುದಿಗಳ ನಡುವೆ ಅಳೆಯಬೇಕು. ಹೊಸ ಕೆಪಾಸಿಟರಿನಲ್ಲಿ ಕೆಲವು ನಿಮಿಷಗಳಲ್ಲಿ ಅದು ಅರ್ಧ ವೋಲ್ಟಿಗಿಂತ ಕೆಳಗೆ ಬಂತು. ಹಳೆಯದರಲ್ಲಿ 7 ವೋಲ್ಟಿಗಿಂತ ಮೇಲೆಯೇ ನಿಂತಿತು. ಅಂದರೆ 70 ಮೈಕ್ರೋಆಂಪಿಯರಿಗಿಂತ ಹೆಚ್ಚು ಸೋರಿಕೆ. ಒಳಗಿನ ಅಲ್ಯೂಮಿನಿಯಂ ಆಕ್ಸೈಡ್ ಪದರ ಕ್ಷೀಣಿಸಿದಾಗ ಹೀಗಾಗುತ್ತದೆ.

ಹೊಸ ಕೆಪಾಸಿಟರ್ ಹಾಕಿದರೂ ನಡುಬಿಂದು 11ರಲ್ಲೇ ನಿಂತದ್ದು ನನಗೆ ಒಪ್ಪಿಗೆಯಾಗಲಿಲ್ಲ. ಬೋರ್ಡಿನ ಅಡಿಯಲ್ಲಿ, ಆ ಬಿಂದುವಿನ ಸುತ್ತ, ಬೆಸುಗೆ ಚೆನ್ನಾಗಿ ಹಿಡಿಯಲು ಬಳಸಿ ತೊಳೆಯದೆ ಬಿಟ್ಟ ಫ್ಲಕ್ಸ್ ಅಂಟಂಟಾಗಿತ್ತು. ಜೂನಿನಿಂದ ಸೆಪ್ಟೆಂಬರಿನವರೆಗೆ ಗೋಡೆಯೂ ಬೆವರುವ ಕಾಸರಗೋಡಿನ ತೇವದಲ್ಲಿ ಕೆಲವು ಬಗೆಯ ಫ್ಲಕ್ಸ್ ನೀರನ್ನು ಹೀರಿ ತಾನೇ ಒಂದು ರೆಸಿಸ್ಟರಿನಂತೆ ವರ್ತಿಸುತ್ತದೆ. ಕೆಲವು ಓಮುಗಳ ಸರ್ಕ್ಯೂಟಿನಲ್ಲಿ ಅದು ಲೆಕ್ಕಕ್ಕೆ ಬಾರದು, 100 ಕಿಲೋಓಮಿನ ನಡುಬಿಂದುವಿನಲ್ಲಿ ಬರುತ್ತದೆ. ಐಸೋಪ್ರೊಪೈಲ್ ಆಲ್ಕೊಹಾಲ್ ಹಾಕಿ ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿ, ಪೂರ್ತಿ ಒಣಗಿಸಿ ಅಳೆದಾಗ ನಡುಬಿಂದು 11.9, ಔಟ್‌ಪುಟ್ಟೂ ಅಷ್ಟೇ.

ಭಾಗವತರು ನಿವೃತ್ತ ಅಧ್ಯಾಪಕರು. ‘ಮಾಷ್ಟ್ರೇ, ಒಂದು ಏರುಪದ ಹೇಳಿ ನೋಡಿ’ ಎಂದು ಕೇಳಿಕೊಂಡೆ. ಚೆಂಡೆಯ ಜತೆಗೂ ಸ್ವರ ಒಡೆಯಲಿಲ್ಲ. ಅಲ್ಪ ಹಮ್ ಉಳಿದಿತ್ತು. ಇನ್‌ಪುಟ್ಟನ್ನು ಗ್ರೌಂಡಿಗೆ ಸೇರಿಸಿದಾಗ ಅದು ನಿಂತದ್ದರಿಂದ ಬೋರ್ಡಿನದಲ್ಲ, ಮೈಕ್ ವೈರಿನದು ಎಂದು ತಿಳಿಯಿತು. ಬಿಟ್ಟುಹೋಗಿದ್ದ ಶೀಲ್ಡನ್ನು (ವೈರಿನ ಹೊರಸುತ್ತಿನ ಲೋಹದ ಹೊದಿಕೆಯನ್ನು) ಬೆಸೆದೆ. ಈಗ ಪೆಟ್ಟಿಗೆಯ ಮುಚ್ಚಳದ ಒಳಬದಿಯಲ್ಲಿ ಐದು ಪಿನ್‌ಗಳ ನಿಶ್ಶಬ್ದ ವೋಲ್ಟೇಜುಗಳನ್ನು ಬರೆದು ಅಂಟಿಸಿದ್ದೇನೆ. ಮುಂದೆ ಇದನ್ನು ತೆರೆಯುವವರು ಯಾರೇ ಆಗಲಿ, ಸೋಲ್ಡರಿಂಗ್ ಐರನ್ ಬಿಸಿಮಾಡುವ ಮೊದಲು ಆ ಅಂಕೆಗಳೊಂದಿಗೆ ಹೋಲಿಸಿ ನೋಡಬಹುದು.