ಬುಷ್ ತಕರಾರು ಬಗೆಹರಿದ ಬಗೆ

ಮೈಸೂರಿನ ಹೆಬ್ಬಾಳ ಕೈಗಾರಿಕಾ ಪ್ರದೇಶದ ಕಾರ್ಖಾನೆಯೊಂದರಲ್ಲಿ ಖರೀದಿ ವಿಭಾಗ ನನ್ನದು. ಮಂಡ್ಯದ, ಉದ್ಯಮ್ (ಸಣ್ಣ ಉದ್ದಿಮೆಗಳ ಸರ್ಕಾರಿ) ನೋಂದಣಿಯಿರುವ ಸಣ್ಣ ಘಟಕವೊಂದು ಕಳುಹಿಸಿದ ಬುಷ್‌ಗಳ (ಯಂತ್ರದಲ್ಲಿ ಕೂರಿಸುವ ಕೊಳವೆಯಂಥ ಬಿಡಿಭಾಗ) ಒಳವ್ಯಾಸ ಹೆಚ್ಚಾಗಿದೆಯೆಂದು ಫೋನಿನಲ್ಲಷ್ಟೇ ತಿಳಿಸಿ, ನಾವು ಎರಡು ತಿಂಗಳು ಹಣ ತಡೆಹಿಡಿದಿದ್ದೆವು. 2006ರ ಎಂಎಸ್‌ಎಂಇ (ಅತಿಸಣ್ಣ, ಸಣ್ಣ ಮತ್ತು ಮಧ್ಯಮ ಉದ್ದಿಮೆ) ಅಭಿವೃದ್ಧಿ ಕಾಯ್ದೆಯಂತೆ, ಸರಕು ತಲುಪಿದ 15 ದಿನಗಳೊಳಗೆ ಆಕ್ಷೇಪವನ್ನು ಬರವಣಿಗೆಯಲ್ಲಿ ತಿಳಿಸದಿದ್ದರೆ ಅದನ್ನು ಸ್ವೀಕರಿಸಿದಂತೆಯೇ. ಒಪ್ಪಂದದಲ್ಲಿ ಏನೇ ಬರೆದುಕೊಂಡಿದ್ದರೂ ಪಾವತಿಯ ಗಡುವು 45 ದಿನ ಮೀರುವಂತಿಲ್ಲ, ಮೀರಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ ತೆರಬೇಕು. ಇದನ್ನು ನೆನಪಿಸಿದವರು ಆ ಘಟಕದ ಮಾಲೀಕರೇ ಎಂಬುದು ಖರೀದಿಯವನಾದ ನನಗೆ ಮುಜುಗರದ ಸಂಗತಿ. ಅವರನ್ನು ಕಾರ್ಖಾನೆಗೆ ಕರೆಸಿ, ಹೊಸದಾಗಿ ಕ್ಯಾಲಿಬ್ರೇಷನ್ (ನಿಖರತೆಯ ತಪಾಸಣೆ) ಆದ ಗೇಜಿನಿಂದ, ಅಂದರೆ ಅಳತೆಯ ಸಾಧನದಿಂದ, ಇಬ್ಬರೂ ಕೂಡಿ ಅಳೆದೆವು. ಬುಷ್‌ಗಳು ಸರಿಯಾಗಿದ್ದವು, ಸವೆದಿದ್ದದ್ದು ನಮ್ಮ ನೋ-ಗೋ ಪ್ಲಗ್ ಗೇಜು; ರಂಧ್ರ ದೊಡ್ಡದಾಗಿದ್ದರೆ ಮಾತ್ರ ಒಳಹೋಗಬೇಕಾದ ಅದು ಸವೆದು ಸರಿಯಾದ ರಂಧ್ರದೊಳಕ್ಕೂ ಹೋಗುತ್ತಿತ್ತು. ಬಡ್ಡಿಸಹಿತ ಹಣ ಪಾವತಿಸಿದೆವು. ಈಗ ಖರೀದಿ ಆದೇಶದಲ್ಲಿ ಗೇಜಿನ ಕ್ಯಾಲಿಬ್ರೇಷನ್ ದಿನಾಂಕವನ್ನೂ ನಮೂದಿಸುತ್ತೇವೆ, ತಿರಸ್ಕಾರದ ಪತ್ರ 10 ದಿನದೊಳಗೆ ಹೊರಡುತ್ತದೆ.