ಚೆಲ್ಲೊದಲ್ಲಿ ಸಂತೋಷವನ್ನು ಧ್ವನಿಮುದ್ರಿಸಿದ್ದು ಹೀಗೆ

ಪಿಟೀಲಿನ ಜಾತಿಯ ದೊಡ್ಡ ವಾದ್ಯವಾದ ಚೆಲ್ಲೊ ಎಂದರೆ ಅಳುವ ವಾದ್ಯ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಸಿನಿಮಾದ ಸಾವಿನ ದೃಶ್ಯಗಳಲ್ಲಿ ಕೇಳಿ ಕೇಳಿ ನಮ್ಮ ಕಿವಿಗೆ ಹಾಗೆ ರೂಢಿಯಾಗಿದೆ, ಅಷ್ಟೆ. ಅದಕ್ಕೇ ಧ್ವನಿಮುದ್ರಣಕ್ಕೆ ಕೂತಾಗ ನಲಿವಿನ ಕೃತಿಗಳನ್ನೇ ಆರಿಸಿಕೊಂಡೆ: ಪಾಶ್ಚಾತ್ಯ ಸಂಗೀತಕಾರ ಬಾಖ್‌ನ ಮೂರನೇ ಸೂಟಿನ (ಕುಣಿತಗಳ ಸರಣಿ) ಬೂರೇ ಎಂಬ ಕುಣಿತ, ಕ್ರೈಸ್ಲರ್ ಪಿಟೀಲಿಗೆಂದು ಬರೆದ ‘ಲೀಬೆಸ್‌ಫ್ರಾಯ್ಡ್’ (ಪ್ರೀತಿಯ ನಲಿವು), ಶೂಬರ್ಟ್ 1817ರಲ್ಲಿ ಬರೆದ ಮೀನಿನ ಹಾಡು ‘ದಿ ಫೊರೆಲ್ಲೆ’, ಜೊತೆಗೆ ಪುರಂದರದಾಸರ ‘ಜಗದೋದ್ಧಾರನ’.

ಬಾಖ್ ಬೇಗ ಒಲಿದ. ಆ ಸೂಟು ಸಿ ಮೇಜರ್‌ನಲ್ಲಿದೆ, ಅಂದರೆ ಅದರ ಆಧಾರ ಸ್ವರ ಸಿ; ಚೆಲ್ಲೊದ ಅತಿ ದಪ್ಪ ತಂತಿಯೂ ಸಿ. ಅದರ ಮೇಲೆ ಕಮಾನು ಎಳೆದರೆ ಎದೆಗೊರಗಿದ ಮರವೆಲ್ಲ ಗುಂಯ್‌ಗುಡುತ್ತದೆ.

ಶೂಬರ್ಟ್‌ಗೆ ಯೋಚನೆ ಬೇಕಾಯಿತು. ಮೂಲ ಹಾಡು ಡಿ ಫ್ಲಾಟ್ ಮೇಜರ್‌ನಲ್ಲಿದೆ. ಚೆಲ್ಲೊದ ಸಿ, ಜಿ, ಡಿ, ಎ ತಂತಿಗಳ ಪೈಕಿ ಅದಕ್ಕೆ ಹೊಂದುವುದು ಸಿ ಒಂದೇ. ಅರ್ಧ ಸ್ವರ ಏರಿಸಿ ಡಿ ಮೇಜರ್‌ಗೆ ತಂದೆ. ಆಗ ಜಿ, ಡಿ, ಎ ಮೂರೂ ಕೈಗೂಡಿದವು. ನಾನು ಮುಟ್ಟದಿದ್ದರೂ ಪಕ್ಕದ ತಂತಿಗಳು ತಾವಾಗಿ ಮಿಡಿದು ಹಾಡಿಗೆ ಹೊಳಪು ಬಂತು. ಮೂರನೆಯ ನುಡಿಯಲ್ಲಿ ಬೆಸ್ತ ನೀರು ಕದಡಿ ಮೀನನ್ನು ಹಿಡಿಯುತ್ತಾನೆ. ಆ ಭಾಗವನ್ನು ಒಂದು ಸ್ಥಾಯಿ ಕೆಳಗೆ ನುಡಿಸಿದೆ. ಅಷ್ಟು ನೆರಳು ಇರಲೇಬೇಕು, ಇಲ್ಲದಿದ್ದರೆ ಹಾಡಿಗೆ ಅನ್ಯಾಯ.

ಲಯ ಏರಿಸಿದರೆ ಸಂತೋಷ ತಾನಾಗಿ ಬರುತ್ತದೆ ಅನ್ನುವವರಿದ್ದಾರೆ. ನನಗೆ ಅದು ಸಿಗುವುದು ಕಮಾನು ತಂತಿಯನ್ನು ಬಿಡುವ ಗಳಿಗೆಯಲ್ಲಿ. ದಪ್ಪ ತಂತಿ ಮಾತಾಡಲು ತುಸು ತಡ. ತೋರುಬೆರಳಿನಿಂದ ಒಂದು ಸಣ್ಣ ಒತ್ತು ಕೊಟ್ಟು, ದನಿ ಹೊರಟ ಕ್ಷಣವೇ ಭಾರ ಪೂರ್ತಿ ತೆಗೆಯಬೇಕು. ಕ್ರೈಸ್ಲರ್‌ನ ವಿಯೆನ್ನಾ ಕುಣಿತದ ಮೂರೆಣಿಕೆ ನಿಂತಿರುವುದೇ ಈ ಹಗುರಿನ ಮೇಲೆ.

ಮೈಕು ತೀರಾ ಹತ್ತಿರವಿದ್ದರೆ ಕಮಾನಿನ ಕೂದಲ ಕೆರೆತ, ದೂರವಾದರೆ ಕುಣಿತವೇ ಮಾಯ. ಕೊನೆಗೆ ಸುಮಾರು ಒಂದೂವರೆ ಮೀಟರ್ ದೂರ, ಮುಖದ ಎತ್ತರದಲ್ಲಿಟ್ಟು, ತಂತಿಗಳನ್ನು ಎತ್ತಿ ಹಿಡಿಯುವ ಕುದುರೆಯ (ಬ್ರಿಜ್) ಕಡೆಗೆ ತಿರುಗಿಸಿದೆವು. ಫ್ಯಾನ್ ಬಂದ್, ಕಾಲಡಿ ಮರದ ಹಲಗೆ, ರಸ್ತೆಯ ಗದ್ದಲ ಅಡಗಿದ ಮೇಲೆ ಕೆಲಸ.

ನನ್ನನ್ನು ಹೆಚ್ಚು ದುಡಿಸಿದ್ದು ದಾಸರ ಪದ. ಯಶೋದೆ ಮಗುವನ್ನು ಆಡಿಸುವ ಸಡಗರ, ಆದರೂ ನಡೆ ನಿಧಾನ. ಕಾಪಿ ರಾಗದ ಗಾಂಧಾರ ಮಧ್ಯಮವನ್ನು ಸವರಿ ಇಳಿಯಬೇಕು. ಪಿಟೀಲಿನ ತಂತಿಯಲ್ಲಿ ನಾದ ಹೊರಡಿಸುವ ಭಾಗ ಸುಮಾರು 33 ಸೆಂ.ಮೀ., ಚೆಲ್ಲೊದಲ್ಲಿ ಸುಮಾರು 69. ಅದೇ ಗಮಕಕ್ಕೆ ಎಡಗೈ ಎರಡರಷ್ಟು ದೂರ ಜಾರಬೇಕು, ಜಾರಿದ್ದು ಕೇಳಿಸಕೂಡದು. ಪಾಶ್ಚಾತ್ಯ ಅಭ್ಯಾಸದ ವೈಬ್ರಾಟೊ (ಬೆರಳು ಅಲುಗಿಸಿ ಸ್ವರ ನಡುಗಿಸುವುದು) ಪೂರ್ತಿ ನಿಲ್ಲಿಸಿದೆ. ‘ದ್ಧಾ’ ಬರುವಲ್ಲಿ ಕಮಾನನ್ನು ತಂತಿಯ ಮೇಲೇ ಒಂದು ಚಿಟಿಕೆ ಹೊತ್ತು ತಡೆದು ಬಿಟ್ಟೆ. ವಾದ್ಯದಲ್ಲೂ ಸಾಹಿತ್ಯ ಕೇಳಬೇಕಲ್ಲ! ಪಿಯಾನೊ ಬೇಡವೆಂದೆ. ಬೇರೆ ಟ್ರ್ಯಾಕಿನಲ್ಲಿ ಡಿ, ಎ ತಂತಿಗಳನ್ನೇ ಸಣ್ಣಗೆ ನುಡಿಸಿ ಷಡ್ಜ–ಪಂಚಮದ ಶ್ರುತಿ ಹಿಡಿದೆ.

ಕ್ರಮ ಜೋಡಿಸುವಾಗ ಈ ಪದವನ್ನು ಶೂಬರ್ಟ್‌ನ ಬೆನ್ನಿಗೇ ಇಟ್ಟೆ. ಎರಡಕ್ಕೂ ಆಧಾರ ಡಿ ಆದ್ದರಿಂದ ಕಿವಿ ಎಡವದೆ ಒಂದರಿಂದ ಇನ್ನೊಂದಕ್ಕೆ ದಾಟುತ್ತದೆ.